ಕೊಲಂಬೊಗೆ ಹೋಗದ ಉತ್ತರ

ಮೊನ್ನೆ ಪತ್ರಿಕೆಯ ಆಟದ ಪುಟದಲ್ಲಿ ಒಂದು ಸುದ್ದಿ ಓದಿದೆ. ಯುರೋಪಿನ ಯಾವುದೋ ಫುಟ್‌ಬಾಲ್ ಕ್ಲಬ್ಬು ಇನ್ನೊಂದು ದೇಶದ ಕ್ಲಬ್ಬಿಗೆ ಲಕ್ಷಗಟ್ಟಲೆ ಹಣ ಸುರಿದು ಒಬ್ಬ ಆಟಗಾರನನ್ನು ಕೊಂಡುಕೊಂಡಿತಂತೆ. ಪಕ್ಕದಲ್ಲೇ ಅವನ ಚಿತ್ರ. ಮಾರಿದ ಯಜಮಾನ ಒಂದು ಹೆಗಲ ಮೇಲೆ, ಕೊಂಡ ಯಜಮಾನ ಇನ್ನೊಂದು ಹೆಗಲ ಮೇಲೆ ಕೈ ಹಾಕಿಕೊಂಡು ಮೂವರೂ ನಗುತ್ತಿದ್ದಾರೆ. ನನ್ನ ಹೆಂಡತಿ ಬಗ್ಗಿ ನೋಡಿ, "ಇದೇನ್ರೀ ಇದು, ಮನುಷ್ಯರನ್ನ ಮಾರ್ತಾರಾ?" ಎಂದಳು. "ಅಲ್ಲಿ ರಸೀತಿ ಕೊಟ್ಟು ಮಾರ್ತಾರೆ ಕಣೇ. ನಾವಿಲ್ಲಿ ರಸೀತಿ ಇಲ್ದೆ ಮಾರ್ತಿದ್ವಿ" ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ಇಪ್ಪತ್ತು ವರ್ಷ ನಾನು ಮೈಸೂರಿನ ಫುಟ್‌ಬಾಲ್ ಸಂಘದ ಗುಮಾಸ್ತನಾಗಿದ್ದೆ. ಸ್ವಾತಂತ್ರ್ಯ ಬಂದ ವರ್ಷ ಸೇರಿದವನು, ಹೋದ ವರ್ಷ ನಿವೃತ್ತನಾದೆ. ಮೈದಾನದ ಪಕ್ಕದಲ್ಲಿ ತಗಡಿನ ಚಾವಣಿಯ ಒಂದು ಕೋಣೆ, ಒಂದು ಬೀರು, ಒಂದು ಮೇಜು, ಒಂದು ಕಾಲಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ ಬೆಂಚು. ಆಟಗಾರರ ಹೆಸರು ನೋಂದಾಯಿಸುವುದು, ಒಂದು ಕ್ಲಬ್ಬು ಬಿಟ್ಟು ಇನ್ನೊಂದಕ್ಕೆ ಹೋಗುವವರ ವರ್ಗಾವಣೆ ಫಾರಂ ಬರೆಯುವುದು ನನ್ನ ಕೆಲಸ. ಈಗ ನನ್ನ ಕುರ್ಚಿಯಲ್ಲಿ ಕೂತಿರುವ ತರುಣ ಹೋದ ವಾರ ಮನೆಗೆ ಬಂದಿದ್ದ. "ಈ ಕೆಲ್ಸದಲ್ಲಿ ಮುಖ್ಯವಾದದ್ದು ಯಾವ್ದು ಸಾರ್?" ಎಂದು ಕೇಳಿದ. "ಕಾಗದಾನ ತಾರೀಖಿನ ಪ್ರಕಾರ ಜೋಡಿಸಪ್ಪ" ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದೆ. ಅದು ಅರ್ಧ ಉತ್ತರ. ಇನ್ನರ್ಧ ಬಾಯಲ್ಲಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸೇರಿದಾಗ ಫಾರಮ್ಮಿಗೆ ಫೋಟೋ ಅಂಟಿಸುವ ಪದ್ಧತಿ ಇರಲಿಲ್ಲ. ಆಟಗಾರನನ್ನು ಎದುರಿಗೆ ನಿಲ್ಲಿಸಿಕೊಂಡು ಗುರುತು ಬರೆಯಬೇಕಿತ್ತು: ಎಡಗೆನ್ನೆಯ ಮೇಲೆ ಮಚ್ಚೆ, ಬಲ ಮೊಣಕಾಲಿನ ಕೆಳಗೆ ಹಳೆಯ ಗಾಯ. ಫುಟ್‌ಬಾಲ್ ಆಡುವವರ ಮೊಣಕಾಲಿನ ಕೆಳಗೆ ಗಾಯ ಇಲ್ಲದಿರುವುದುಂಟೇ? ಅದೂ ಆಗ ಎಲ್ಲರೂ ಬರಿಗಾಲಲ್ಲಿ ಆಡುತ್ತಿದ್ದ ಕಾಲ. ಒಂದೇ ಗುರುತಿನ ಮೇಲೆ ಅಣ್ಣತಮ್ಮಂದಿರಿಬ್ಬರು ಒಂದು ಇಡೀ ವರ್ಷ ಸರದಿಯಂತೆ ಆಡಿದರು. ನಾನೇ ರುಜು ಹಾಕಿದ್ದೆ, ನನಗೇ ತಿಳಿಯಲಿಲ್ಲ.

ಆಮೇಲೆ ಫೋಟೋ ಬಂತು. ಅದರ ಪಾಡು ಇನ್ನೊಂದು. ಸಯ್ಯಾಜಿರಾವ್ ರಸ್ತೆಯ ಸ್ಟುಡಿಯೋದವನ ಹತ್ತಿರ ಒಂದು ಕರಿ ಕೋಟು ಇತ್ತು. ನಮ್ಮ ಹುಡುಗರಿಗೆ ಬರಿ ಬನಿಯನ್ನಿನಲ್ಲಿ ಚಿತ್ರ ತೆಗೆಸಿಕೊಳ್ಳಲು ನಾಚಿಕೆ. ಒಬ್ಬರಾದ ಮೇಲೊಬ್ಬರು ಅದೇ ಕೋಟು ತೊಟ್ಟು ಕೂತರು. ಕಲ್ಕತ್ತಾಕ್ಕೆ ಆರು ಜನರ ಫಾರಂ ಹೋಯಿತು. ಅಲ್ಲಿಂದ ಬಂದ ಕಾಗದದಲ್ಲಿ, ಇವರೆಲ್ಲ ಒಂದೇ ಕಂಪನಿಯ ಏಜೆಂಟರೋ ಎಂದು ಕೇಳಿದ್ದರು. ನಾವು ಒಂದು ವಾರ ನಕ್ಕೆವು. ಆ ಆರರಲ್ಲಿ ನಾಲ್ಕು ಜನ ಕಲ್ಕತ್ತಾಕ್ಕೆ ಹೋಗಿ ಎರಡು ವರ್ಷದಲ್ಲಿ ಮೊಣಕಾಲು ಮುರಿಸಿಕೊಂಡು ವಾಪಸು ಬಂದರು. ಅದಕ್ಕೆ ಯಾರೂ ನಗಲಿಲ್ಲ, ಯಾರೂ ಕಾಗದವನ್ನೂ ಬರೆಯಲಿಲ್ಲ.

ಈ ಕೆಲಸಕ್ಕೆ ಬರುವವರು ಮೊದಲು ಒಂದು ಮಾತು ತಿಳಿದುಕೊಳ್ಳಬೇಕು. ನಮ್ಮಲ್ಲಿ ಆಟಗಾರರೆಲ್ಲ ಹವ್ಯಾಸಿಗಳು, ಅಂದರೆ ಆಟಕ್ಕೆ ಹಣ ಮುಟ್ಟುವಂತಿಲ್ಲ. ಒಂದು ಕ್ಲಬ್ಬು ಇನ್ನೊಂದು ಕ್ಲಬ್ಬಿಗೆ ಆಟಗಾರನ ಬೆಲೆ ಎಂದು ಒಂದು ಕಾಸೂ ಕೇಳುವಂತಿಲ್ಲ. ನಿಯಮದ ಪುಸ್ತಕದಲ್ಲಿ ಹೀಗಿದೆ. ನಿಜದಲ್ಲಿ ಆಟಗಾರ ಹೋಗುವಾಗ ಅವನ ಹಿಂದೆ ಒಂದು ಸೈಕಲ್ಲು, ಎರಡು ಮೂಟೆ ಅಕ್ಕಿ, ತಂಗಿಯ ಮದುವೆಗೆ ಒಂದು ರೇಷ್ಮೆ ಸೀರೆ, ಮಿಲ್ಲಿನಲ್ಲಿ ಅಣ್ಣನಿಗೆ ಒಂದು ಕೆಲಸ, ಹೀಗೆ ಏನಾದರೊಂದು ಓಡಾಡುತ್ತಿತ್ತು. ಬಿಟ್ಟುಕೊಡುವ ಕ್ಲಬ್ಬಿಗೆ ಒಂದು ಡಜನ್ ಚೆಂಡು ಬರುತ್ತಿತ್ತು. ಅದನ್ನು ಯಾರೂ ಬೆಲೆ ಅನ್ನುತ್ತಿರಲಿಲ್ಲ, ಕಾಣಿಕೆ ಅನ್ನುತ್ತಿದ್ದರು.

ಕೊಡಲು ಇಷ್ಟವಿಲ್ಲದವರು ಬೇರೆ ದಾರಿ ಹಿಡಿಯುತ್ತಿದ್ದರು. ಬಿಡುವ ಕ್ಲಬ್ಬಿನ ರುಜು ಬೇಕೆಂಬ ನಿಯಮ ಆಗ ಇನ್ನೂ ಬಂದಿರಲಿಲ್ಲ, ಆದರೆ ವರ್ಗಾವಣೆ ಫಾರಂ ಕೊಡಲು ವರ್ಷಕ್ಕೆ ಹದಿನೈದೇ ದಿನ. ಆ ಹದಿನೈದು ದಿನ ಆಟಗಾರನನ್ನು ಊರಲ್ಲಿ ಇರದಂತೆ ಮಾಡಿದರೆ ಸಾಕು. ಒಬ್ಬ ಫುಲ್‌ಬ್ಯಾಕ್ ಬೆಂಗಳೂರಿಗೆ ಹೋಗುವನೆಂದು ಗೊತ್ತಾಗಿ, ಅವನ ಕ್ಲಬ್ಬಿನವರು ಅವನ ಸೋದರಮಾವನನ್ನು ಹಿಡಿದು, ಕೊನೆಯ ದಿನಕ್ಕೇ ಸರಿಯಾಗಿ ಮುಹೂರ್ತ ಇಡಿಸಿ ಅವನ ಮದುವೆಯನ್ನೇ ಮಾಡಿಸಿಬಿಟ್ಟರು. ಆ ದಿನ ಮಧ್ಯಾಹ್ನ ನಾಲ್ಕೂಮುಕ್ಕಾಲಿಗೆ ಆಫೀಸಿನ ಮುಂದೆ ಒಂದು ಜಟಕಾ ನಿಂತಿತು. ಬಾಸಿಂಗ ಕಟ್ಟಿಕೊಂಡ ಮದುಮಗ ಇಳಿದು ಬಂದ. "ಬೇಗ ಕೊಡಿ ಗೌಡ್ರೇ, ಧಾರೆ ಆಯ್ತು, ಊಟಕ್ಕೆ ಕೂತವ್ರೆ, ಅಂಗೇ ಎದ್ದು ಬಂದ್ಬುಟ್ಟೆ" ಎಂದ. ಅರಿಶಿನದ ಕೈಯಲ್ಲಿ ರುಜು ಮಾಡಿದ. ಆ ಫಾರಂ ಮೇಲೆ ಹಳದಿ ಬೆರಳಿನ ಗುರುತು ಬಹಳ ವರ್ಷ ಹಾಗೇ ಇತ್ತು. ಅವನು ಆ ವರ್ಷ ಬೆಂಗಳೂರಿಗೆ ಹೋದ. ಸೋದರಮಾವ ಮಾತ್ರ ಅವನ ಮನೆಯ ಹೊಸ್ತಿಲು ತುಳಿಯಲಿಲ್ಲ.

ನಮ್ಮ ಸಂಘದ ಕಾರ್ಯದರ್ಶಿ ಸುಬ್ಬರಾಯರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಪಂಚೆ, ಮುಚ್ಚುಕೋಟು, ಕೈಯಲ್ಲೊಂದು ಛತ್ರಿ. ಚೆಂಡಿಗೆ ಅವರ ಕಾಲು ಯಾವತ್ತಾದರೂ ತಾಗಿತ್ತೋ ಇಲ್ಲವೋ ನಾನು ಹೇಳಲಾರೆ, ಆದರೆ ನಿಯಮದ ಪುಸ್ತಕ ಬಾಯಿಪಾಠ. ಅವರಿಂದ ನಾನು ಕಲಿತದ್ದು ಒಂದೇ: ಫಾರಮ್ಮಿನಲ್ಲಿ ಒಂದು ಕಾಲಮ್ಮನ್ನೂ ಖಾಲಿ ಬಿಡಬಾರದು. "ಖಾಲಿ ಬಿಟ್ರೆ ಬೇರೆಯವ್ರು ತುಂಬ್ತಾರೆ ಕಣಯ್ಯಾ. ಏನೂ ಇಲ್ದಿದ್ರೆ ಇಲ್ಲ ಅಂತ ಬರಿ, ಇದ್ರೆ ಇದೆ ಅಂತ ಬರಿ" ಎನ್ನುತ್ತಿದ್ದರು. ಈ ಪಾಠವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಅದರಿಂದ ಒಬ್ಬನ ಬದುಕೇ ಹಾಳಾಯಿತು.

ಅವನ ಹೆಸರು ಇನ್ನಾಸಪ್ಪ. ಚರ್ಚಿನ ಹಿಂದಿನ ಬೀದಿಯವನು. ತಂದೆ ಇಲ್ಲ, ತಾಯಿ ಮರಿಯಮ್ಮ ಕಾನ್ವೆಂಟಿನಲ್ಲಿ ಅಡುಗೆಗೆ ಇದ್ದಳು. ಇವನು ಸಾಹುಕಾರ್ ಮಲ್ಲಾಜಪ್ಪನವರ ಊದುಬತ್ತಿ ಕಾರ್ಖಾನೆಯಲ್ಲಿ ಡಬ್ಬಿ ಕಟ್ಟುವ ಕೆಲಸ ಮಾಡಿಕೊಂಡು, ಸಂಜೆ ಸಾಹುಕಾರರದೇ ಟೀಮಿಗೆ ಆಡುತ್ತಿದ್ದ. ಮೈದಾನದಲ್ಲಿ ಅವನು ಹತ್ತಿರ ಓಡಿಬಂದರೆ ಚಂದನದ ವಾಸನೆ ಬರುತ್ತಿತ್ತು, ಎದುರು ಟೀಮಿನವರು ಅದಕ್ಕೆ ರೇಗಿಸುತ್ತಿದ್ದರು. ಬಲಗಾಲಲ್ಲಿ ಹೊಡೆದರೆ ಗೋಲ್‌ಕೀಪರ್ ಅಲ್ಲಾಡುವಷ್ಟರಲ್ಲಿ ಚೆಂಡು ಬಲೆಯಲ್ಲಿ. ನಾನು ಇಪ್ಪತ್ತು ವರ್ಷದಲ್ಲಿ ಸಾವಿರಾರು ಆಟಗಾರರನ್ನು ನೋಡಿದೆ, ಅವನಂಥವನನ್ನು ನೋಡಲಿಲ್ಲ. ಇದನ್ನು ಉತ್ಪ್ರೇಕ್ಷೆ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಸಿಲೋನಿನ ಒಂದು ಟೀಮು ದಕ್ಷಿಣ ದೇಶದ ಪ್ರವಾಸಕ್ಕೆ ಬಂದು ನಮ್ಮೂರಲ್ಲೂ ಒಂದು ಪಂದ್ಯ ಆಡಿತು. ಇನ್ನಾಸಪ್ಪ ಎರಡು ಗೋಲು ಹೊಡೆದ. ಅವರ ಮ್ಯಾನೇಜರು ಆವತ್ತೇ ಬಂದು ಅವನ ಕೈ ಕುಲುಕಿ ಹೋದರು. ಎರಡು ತಿಂಗಳಲ್ಲಿ ಕೊಲಂಬೊದಿಂದ ಕಾಗದ ಬಂತು. ಬಂದರಿನ ವರ್ಕ್‌ಶಾಪಿನಲ್ಲಿ ಕೆಲಸ, ಇರಲು ಕ್ವಾರ್ಟರ್ಸು, ಆರು ತಿಂಗಳಾದ ಮೇಲೆ ತಾಯಿಯನ್ನು ಕರೆಸಿಕೊಳ್ಳಬಹುದು, ಕ್ಲಬ್ಬಿಗೆ ಆಡಬೇಕು. ನಮ್ಮೂರಿಂದ ಹೊರದೇಶದ ಕ್ಲಬ್ಬಿಗೆ ಹೋಗಲು ಬಂದ ಮೊದಲ ಕರೆ ಅದು. ನಾನಿರುವವರೆಗೂ ಇನ್ನೊಂದು ಬರಲಿಲ್ಲ.

ಇನ್ನಾಸಪ್ಪ ತಯಾರಿಗೆ ನಿಂತ. ಪಾಸ್‌ಪೋರ್ಟಿಗೆ ಬರೆದ. ಕಾಲರಾ ಚುಚ್ಚುಮದ್ದು ಹಾಕಿಸಿಕೊಂಡು ಎರಡು ದಿನ ತೋಳು ಊದಿಸಿಕೊಂಡ. ಚರ್ಚಿನ ಫಾದರ್ ಹತ್ತಿರ ದಿನಕ್ಕೆ ನಾಲ್ಕು ಇಂಗ್ಲಿಷ್ ವಾಕ್ಯ ಕಲಿತು, ದಾರಿಯಲ್ಲಿ ಸಿಕ್ಕಿದವರ ಮೇಲೆಲ್ಲ ಅದನ್ನು ಪ್ರಯೋಗ ಮಾಡುತ್ತಿದ್ದ. ತಾಯಿ ಒಂದು ತಗಡಿನ ಟ್ರಂಕು ತಂದು ಅದರ ಮೇಲೆ ಅವನ ಹೆಸರು ಬರೆಸಿದಳು. ಸಾಹುಕಾರ್ ಮಲ್ಲಾಜಪ್ಪನವರು ಆಕ್ಷೇಪಣೆ ಇಲ್ಲ ಎಂಬ ಜಾಗದಲ್ಲಿ ನಗುನಗುತ್ತಾ ರುಜು ಹಾಕಿದರು. "ನಮ್ಮ ಹುಡ್ಗ ಸಮುದ್ರ ದಾಟ್ತಾನೆ ಅಂದ್ರೆ ನಮ್ಗೇ ಅಲ್ವೇನ್ರೀ ಹೆಸ್ರು" ಎಂದರು. ಅವರು ನಮ್ಮ ಸಂಘದ ಖಜಾಂಚಿ ಕೂಡ.

ಫಾರಂ ಬರೆಯಲು ಇನ್ನಾಸಪ್ಪನನ್ನು ಆ ಇಟ್ಟಿಗೆ ಕಾಲಿನ ಬೆಂಚಿನ ಮೇಲೆ ಕೂರಿಸಿಕೊಂಡೆ. ಹೊರದೇಶದ ಫಾರಂ, ಇಂಗ್ಲಿಷಿನದು, ಮೂವತ್ತು ಕಾಲಂ. ಕೊನೆಯ ಕಡೆ ಒಂದು ಪ್ರಶ್ನೆ: ಆಟಗಾರನು ಆಟದ ಸಂಬಂಧವಾಗಿ ಯಾವತ್ತಾದರೂ ಹಣವನ್ನಾಗಲಿ ವಸ್ತುವನ್ನಾಗಲಿ ಪಡೆದಿದ್ದಾನೆಯೇ? ಪಡೆದಿದ್ದರೆ ವಿವರ. ನಾನು ಅದನ್ನು ಅವನಿಗೆ ಕನ್ನಡದಲ್ಲಿ ಹೇಳಿದೆ.

"ಇಲ್ಲ ಅಂತ ಬರ್ಕೊಳ್ಳಿ" ಎಂದ. ಆಮೇಲೆ ತಡೆದು, "ಅಲ್ಲಾ ಗೌಡ್ರೇ, ಹಬ್ಬದ ಪಂದ್ಯ ಗೆದ್ದಾಗ ತಟ್ಟೇಲಿ ತಾಂಬೂಲ ಕೊಟ್ರಲ್ಲ ಸಾಹುಕಾರ್ರು? ಅದ್ರಲ್ಲಿ ಬೆಳ್ಳಿ ರೂಪಾಯಿ ಇತ್ತು. ನೀವೇ ತಟ್ಟೆ ಹಿಡ್ಕೊಂಡಿದ್ರಲ್ಲ" ಎಂದ.

ಮೈಸೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾರನ್ನಾದರೂ ಸನ್ಮಾನಿಸಬೇಕಾದರೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಒಂದು ಜರಿ ವಲ್ಲಿ, ಮೇಲೆ ಒಂದು ರೂಪಾಯಿ ಇಡುವುದು ಪದ್ಧತಿ. ಬರಿ ತಟ್ಟೆ ಕೊಡುವುದು ಅಪಶಕುನ. ಸಂಗೀತಗಾರರಿಗೂ ಅದೇ, ಮೇಷ್ಟರಿಗೂ ಅದೇ, ಪಂದ್ಯ ಗೆದ್ದವರಿಗೂ ಅದೇ. ಹನ್ನೊಂದು ಜನಕ್ಕೂ ಕೊಟ್ಟಿದ್ದೆವು. ಎಲ್ಲರೂ ಕಣ್ಣಿಗೊತ್ತಿಕೊಂಡು ತೆಗೆದುಕೊಂಡಿದ್ದರು.

"ಅದನ್ನೂ ಬರೀಬೇಕಾ?" ಎಂದೆ, ನನಗೆ ನಾನೇ ಎನ್ನುವಂತೆ.

"ಬರ್ಕೊಂಡ್ಬುಡಿ. ಸುಳ್ಳು ಯಾಕೆ? ನಾನು ಪಾಪನಿವೇದನೆಗೆ ಹೋಗೋನು, ಆಮೇಲೆ ಅದೊಂದು ಹೇಳ್ಬೇಕಾಯ್ತದೆ" ಎಂದು ನಕ್ಕ.

ಒಂದು ಕ್ಷಣ ನನ್ನ ಪೆನ್ನು ನಿಂತಿತು. ಹಾಗೆಂದು ಈಗ ಹೇಳಿಕೊಳ್ಳುತ್ತೇನೆ, ನಿಂತಿತ್ತೋ ಇಲ್ಲವೋ. ನೆನಪಿರುವುದು ಹೆಮ್ಮೆ. ಮೂವತ್ತು ಕಾಲಮ್ಮಿನ ಹೊರದೇಶದ ಫಾರಮ್ಮನ್ನು ಒಂದು ಚಿತ್ತೂ ಇಲ್ಲದೆ ತುಂಬಿದೆನೆಂಬ ಹೆಮ್ಮೆ. ಮೂರು ವರ್ಷ, ಮೂರು ಹಬ್ಬದ ಪಂದ್ಯ. ದುಂಡಗಿನ ಅಕ್ಷರದಲ್ಲಿ ಬರೆದೆ: ಬೆಳ್ಳಿ ರೂಪಾಯಿ ಮೂರು, ತೆಂಗಿನಕಾಯಿ ಮೂರು, ವಲ್ಲಿ ಮೂರು. ಸುಬ್ಬರಾಯರು ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಏನೋ ಹೇಳಲು ಹೋಗಿ, ರುಜು ಹಾಕಿದರು. ಅವರ ಪಾಠವನ್ನು ಅವರೇ ಅಲ್ಲಗಳೆಯುವುದು ಹೇಗೆ?

ಇಷ್ಟರಲ್ಲಿ ಸಾಹುಕಾರರು ಕೊಲಂಬೊಗೆ ತಮ್ಮದೇ ಒಂದು ಕಾಗದ ಬರೆದಿದ್ದರು. ಇಂಥ ಆಟಗಾರನನ್ನು ಬಿಟ್ಟುಕೊಡುತ್ತಿರುವುದರಿಂದ ತಮ್ಮ ಕ್ಲಬ್ಬಿಗೆ ಎರಡು ಡಜನ್ ಚೆಂಡು, ಹನ್ನೊಂದು ಜೊತೆ ಬೂಟು ಕಾಣಿಕೆಯಾಗಿ ಕಳಿಸಬೇಕೆಂದು. ಆಗ ತಾನೇ ಬರಿಗಾಲಲ್ಲಿ ಆಡಬಾರದು ಎಂಬ ನಿಯಮ ಬಂದಿತ್ತು, ಬೂಟಿಗೆ ಎಲ್ಲ ಕ್ಲಬ್ಬುಗಳೂ ಬಾಯಿ ಬಾಯಿ ಬಿಡುತ್ತಿದ್ದವು. ಕೊಲಂಬೊದವರು ಮರ್ಯಾದೆಯಿಂದ ಉತ್ತರಿಸಿದರು: ನಾವು ಹವ್ಯಾಸಿ ಕ್ಲಬ್ಬು, ಆಟಗಾರನಿಗೆ ಬೆಲೆ ಕೊಡುವಂತಿಲ್ಲ, ಕ್ಷಮಿಸಬೇಕು. ಸಾಹುಕಾರರ ಮುಖದ ನಗು ಅಲ್ಲಿಗೆ ಮುಗಿಯಿತು.

ಅದಾಗಿ ಒಂದು ವಾರಕ್ಕೆ ನಮ್ಮ ಸಂಘಕ್ಕೆ ಕೊಲಂಬೊದ ಎರಡನೆಯ ಕಾಗದ ಬಂತು. ಫಾರಮ್ಮಿನಲ್ಲಿ ಕಾಣಿಸಿದ ಮೂರು ರೂಪಾಯಿ ಆಟಕ್ಕೆ ಕೊಟ್ಟ ಸಂಬಳವೋ, ನಿಮ್ಮ ಕಡೆಯ ಸಾಂಪ್ರದಾಯಿಕ ಉಡುಗೊರೆಯೋ? ಸಂಬಳವಾದರೆ ಇವನು ವೃತ್ತಿಪರ ಆಟಗಾರ, ತೆಗೆದುಕೊಳ್ಳಲಾಗದು. ಉಡುಗೊರೆಯಾದರೆ ಒಂದು ಸಾಲು ಬರೆದು ತಿಳಿಸಿ, ನಮ್ಮ ಅಭ್ಯಂತರವಿಲ್ಲ. ತಿಂಗಳ ಕೊನೆಯೊಳಗೆ ಉತ್ತರ ಬರಬೇಕು, ಆಮೇಲೆ ನಮ್ಮ ನೋಂದಣಿ ಮುಗಿಯುತ್ತದೆ. ಇಷ್ಟೇ. ಬಾಗಿಲು ತೆರೆದೇ ಇತ್ತು. ಒಂದು ಸಾಲು ಸಾಕಾಗಿತ್ತು.

ಸುಬ್ಬರಾಯರು ಓದಿ, "ಕೊಟ್ಟವ್ರು ಹೇಳ್ಬೇಕಪ್ಪಾ ಯಾಕೆ ಕೊಟ್ರು ಅಂತ. ಮಲ್ಲಾಜಪ್ಪನವರ ಹತ್ರ ಒಂದು ಕೈಫಿಯತ್ತು ಬರೆಸ್ಕೊಂಡು ಬಾ" ಎಂದರು. ನಾನು ಸಾಹುಕಾರರ ಅಂಗಡಿಗೆ ಹೋದೆ. ಮೊದಲ ದಿನ ಪೂಜೆಯಲ್ಲಿದ್ದರು. ಎರಡನೆಯ ದಿನ ಬಿಡುವಿಲ್ಲ ಎಂದರು. ಮೂರನೆಯ ದಿನ ಕೂರಿಸಿಕೊಂಡು, ಬಾದಾಮಿ ಹಾಲು ತರಿಸಿಕೊಟ್ಟು ಹೇಳಿದರು.

"ನೋಡಿ ಗೌಡ್ರೇ, ಬರ್ದಿದ್ದು ಯಾರು?"

"ನಾನು."

"ರುಜು ಹಾಕಿದ್ದು?"

"ರಾಯರು."

"ಮತ್ತೆ ನನ್ನನ್ಯಾಕೆ ಕೇಳ್ತೀರಿ? ನಾನು ತಾಂಬೂಲ ಕೊಟ್ಟೆ, ಅವನು ತಕಂಡ. ಅವ್ರಿಗೆ ಬೂಟು ಕೊಡೋಕೆ ಆಗಾಕಿಲ್ವಂತೆ, ನನ್ಗೆ ಕಾಗ್ದ ಕೊಡೋಕೆ ಆಗಾಕಿಲ್ಲ. ಅಂದ್ಹಾಗೆ ನಿಮ್ಮನ್ನ ಖಾಯಂ ಮಾಡೋ ವಿಷ್ಯ ಬರೋ ಕಮಿಟೀಲಿ ಐತೆ ಅಲ್ವಾ? ಹಾಲು ಕುಡೀರಿ, ತಣ್ಣಗಾಯ್ತದೆ."

ನಾನು ಆಗ ಐದು ವರ್ಷದಿಂದ ಹಂಗಾಮಿ ಗುಮಾಸ್ತ. ಊರಿನ ಹೊಲದಲ್ಲಿ ನನ್ನ ಪಾಲು ಅಣ್ಣಂದಿರಿಗೆ ಬಿಟ್ಟುಕೊಟ್ಟು ಬಂದವನು. ಕೃಷ್ಣಮೂರ್ತಿಪುರದಲ್ಲಿ ಒಂದು ಬಾಡಿಗೆ ಕೋಣೆ, ಹೆಂಡತಿ ಬಸುರಿ. ಇದನ್ನೆಲ್ಲ ನನ್ನ ತಪ್ಪನ್ನು ತೇಲಿಸಲು ಹೇಳುತ್ತಿಲ್ಲ. ಆ ಹಾಲು ಕುಡಿದೆ ಎಂದು ಹೇಳುವುದಕ್ಕೆ ಹೇಳುತ್ತಿದ್ದೇನೆ.

ಆಫೀಸಿಗೆ ಬಂದು ನಾನೇ ಒಂದು ಉತ್ತರ ಟೈಪು ಮಾಡಿದೆ. ನಾಲ್ಕು ಸಾಲು. ಇದು ನಮ್ಮ ಪ್ರಾಂತದ ಪದ್ಧತಿ, ಗೌರವಕ್ಕೆ ಇಟ್ಟ ನಾಣ್ಯ, ಆಟದ ಕೂಲಿಯಲ್ಲ. ಸುಬ್ಬರಾಯರ ಮುಂದಿಟ್ಟೆ. ಅವರು ಎರಡು ಸಲ ಓದಿ, "ಕೊಟ್ಟವರ ಹೇಳಿಕೆ ಇಲ್ದೆ ನಾನು ರುಜು ಮಾಡೋ ಹಾಗಿಲ್ಲ ಕಣಯ್ಯಾ" ಎಂದು ನನಗೇ ವಾಪಸು ಕೊಟ್ಟರು. ಹರಿದು ಹಾಕಲಿಲ್ಲ. ಛತ್ರಿ ತೆಗೆದುಕೊಂಡು ಎದ್ದು, "ನಾನು ಹತ್ತು ದಿನ ಮಗಳ ಮನೆಗೆ ಹೋಗ್ತೀನಿ. ಟಪಾಲೆಲ್ಲ ನೀನೇ ನೋಡ್ಕೋ. ಕಾರ್ಯದರ್ಶಿಯ ಪರವಾಗಿ ಅಂತ ರುಜು ಹಾಕು, ಯಾವತ್ತೂ ಹಾಕ್ತೀಯಲ್ಲ" ಎಂದು ಹೊರಟುಹೋದರು.

ಹೌದು, ಯಾವಾಗಲೂ ಹಾಕುತ್ತಿದ್ದೆ. ಪಂದ್ಯದ ವೇಳಾಪಟ್ಟಿಗೆ, ಚೆಂಡಿನ ಆರ್ಡರಿಗೆ, ಬೆಂಗಳೂರಿಗೆ ಹೋಗುವ ಹತ್ತಾರು ಕಾಗದಗಳಿಗೆ. ನನ್ನ ರುಜುವನ್ನು ಯಾರೂ ಪ್ರಶ್ನೆ ಮಾಡಿದವರಿಲ್ಲ. ಆ ನಾಲ್ಕು ಸಾಲಿನ ಕೆಳಗೂ ಹಾಕಿದೆ. ಲಕೋಟೆಗೆ ಸೇರಿಸಿ, ವಿಳಾಸ ಬರೆದು, ಹೊರದೇಶದ ಸ್ಟಾಂಪು ಅಂಟಿಸಿದೆ. ಬೆಳಿಗ್ಗೆ ಹನ್ನೊಂದಕ್ಕೆ ಪೋಸ್ಟಾಫೀಸಿನ ಕೆಂಪು ಡಬ್ಬಿಯ ಮುಂದೆ ಹೋಗಿ ನಿಂತೆ. ಕೈಯನ್ನು ಡಬ್ಬಿಯ ಬಾಯಿಯವರೆಗೂ ಎತ್ತಿದೆ. ಹಿಂದೆ ನಿಂತಿದ್ದ ಮುದುಕರೊಬ್ಬರು, "ಹಾಕೋದಾದ್ರೆ ಹಾಕಿ ಸ್ವಾಮಿ, ಇಲ್ದಿದ್ರೆ ಜಾಗ ಬಿಡಿ" ಎಂದರು. ಜಾಗ ಬಿಟ್ಟೆ.

ನಾಳೆ ಹಾಕೋಣ ಎಂದುಕೊಂಡೆ. ಮಾರನೆಯ ದಿನವೂ ಹಾಗೇ ಅಂದುಕೊಂಡೆ. ದಿನಾ ಸಂಜೆ ಐದಕ್ಕೆ ಕಾರ್ಖಾನೆ ಬಿಟ್ಟ ಮೇಲೆ ಇನ್ನಾಸಪ್ಪ ಆಫೀಸಿನ ಕಿಟಕಿಗೆ ಬಂದು, "ಏನಾದ್ರೂ ಬಂತಾ ಗೌಡ್ರೇ?" ಎಂದು ಕೇಳುತ್ತಿದ್ದ. "ಬತ್ತದೆ ಇರೋ" ಎನ್ನುತ್ತಿದ್ದೆ. ಆ ಲಕೋಟೆ ನನ್ನ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ತಿಂಗಳು ಮುಗಿಯಿತು. ಹೊಸ ತಿಂಗಳ ಮೂರನೆಯ ತಾರೀಖು ಕಮಿಟಿ ಸೇರಿ ನನ್ನನ್ನು ಖಾಯಂ ಮಾಡಿತು. ಸೂಚಿಸಿದವರು ಸಾಹುಕಾರ್ ಮಲ್ಲಾಜಪ್ಪನವರು. ನಾನು ಎಲ್ಲರಿಗೂ ಮೈಸೂರುಪಾಕು ಹಂಚಿದೆ.

ಸುಬ್ಬರಾಯರು ಊರಿಂದ ಬಂದವರು ಟಪಾಲಿನ ಪುಸ್ತಕ ತಿರುವಿ, "ಆ ಸಿಲೋನಿನ ಕಾಗದ ಏನಾಯ್ತಯ್ಯಾ?" ಎಂದು ಕೇಳಿದರು.

"ಅವಧಿ ಮುಗೀತು ಸಾರ್."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀನು ಕಳಿಸಿಬಿಟ್ಟಿರ್ತೀಯ ಅಂದ್ಕೊಂಡಿದ್ದೆ. ಇಲ್ದಿದ್ರೆ ನನಗೆ ಮಗಳ ಮನೇಲಿ ಏನು ಕೆಲ್ಸ ಇತ್ತು?" ಎಂದರು. ಅಷ್ಟೇ. ಕನ್ನಡಕ ಹಾಕಿಕೊಂಡು ಮುಂದಿನ ಫೈಲು ತೆಗೆದರು. ಆಮೇಲೆ ಅವರಿದ್ದಷ್ಟು ವರ್ಷವೂ ಆ ವಿಷಯ ಎತ್ತಲಿಲ್ಲ, ಆದರೆ ಮತ್ತೆಂದೂ ಊರಿಗೆ ಹೋಗುವಾಗ ಟಪಾಲು ನನ್ನ ಕೈಗೆ ಬಿಟ್ಟು ಹೋಗಲಿಲ್ಲ. ಅವರ ಮೇಲೂ ನನಗೆ ಸಿಟ್ಟಿದೆ. ತಾವು ಹಾಕಲಾರದ ರುಜುವನ್ನು ಹಂಗಾಮಿ ಗುಮಾಸ್ತನಿಂದ ಹಾಕಿಸಲು ನೋಡಿದರು. ದೊಡ್ಡವರ ಧೈರ್ಯ ಬಹಳ ಸಲ ಹೀಗೇ ಇರುತ್ತದೆ, ಚಿಕ್ಕವರ ಕೈಯಲ್ಲಿ ಕೆಲಸ ಮಾಡಿಸುತ್ತದೆ. ಆದರೆ ಲಕೋಟೆ ಅವರ ಜೇಬಿನಲ್ಲಿರಲಿಲ್ಲ.

ಆ ದಿನ ಸಂಜೆಯೂ ಇನ್ನಾಸಪ್ಪ ಕಿಟಕಿಗೆ ಬಂದ. ಇನ್ನು ಬರುತ್ತದೆ ಎನ್ನುವ ಹಾಗಿರಲಿಲ್ಲ.

"ಬೇಡ ಅಂದ್ರಂತೆ ಕಣೋ" ಎಂದೆ.

ಅವನು ಕಿಟಕಿಯ ಸರಳು ಹಿಡಿದುಕೊಂಡ. "ಯಾಕಂತೆ ಗೌಡ್ರೇ?"

ನಾನು ಬರೆದದ್ದರಿಂದ ಎನ್ನಬಹುದಿತ್ತು. ಸಾಹುಕಾರರಿಂದ ಎನ್ನಬಹುದಿತ್ತು. ನಾನು ಡಬ್ಬಿಗೆ ಹಾಕಲಿಲ್ಲ ಎನ್ನಬಹುದಿತ್ತು. ಮೈದಾನದಲ್ಲಿ ಅವನ ಗೆಳೆಯರು ಅವನನ್ನು ಒಂಟಿಕಾಲಿನವನು ಎಂದು ರೇಗಿಸುವುದು ನೆನಪಾಯಿತು. ಬಾಯಿಗೆ ಅದೇ ಬಂತು.

"ಎಡಗಾಲು ಸಾಲದಂತೆ. ಬರೀ ಬಲಗಾಲಲ್ಲೇ ಆಡ್ತಾನೆ, ನಮ್ಮ ಮಟ್ಟಕ್ಕೆ ಸಾಲದು ಅಂತ ಬರ್ದವ್ರೆ."

ಅವನು ತಲೆ ಬಗ್ಗಿಸಿ ತನ್ನ ಎಡಗಾಲು ನೋಡಿಕೊಂಡ. ಹಳೆಯ ಚಪ್ಪಲಿ, ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. "ದಿಟವೇ ಗೌಡ್ರೇ. ನನ್ಗೂ ಗೊತ್ತು, ಅದು ವಸಿ ಸೋಂಬೇರಿ" ಎಂದ. ಅಳುತ್ತಾನೆ ಎಂದುಕೊಂಡಿದ್ದೆ. ಅಳಲಿಲ್ಲ. "ಬತ್ತೀನಿ" ಎಂದು ಹೋದ.

ಆ ಸಾಹುಕಾರರು ಅಷ್ಟಕ್ಕೇ ಬಿಡಲಿಲ್ಲ. ಬಿಟ್ಟು ಹೋಗಲು ಹೊರಟವನೆಂದು ಅವನನ್ನು ಟೀಮಿನಿಂದ ಹೊರಗಿಟ್ಟರು. ಬೇರೆ ಕ್ಲಬ್ಬಿಗೆ ಹೋಗಲು ರುಜುವನ್ನೂ ಕೊಡಲಿಲ್ಲ. ಆಡಿಸಲೂ ಇಲ್ಲ, ಬಿಡಲೂ ಇಲ್ಲ. ಎರಡು ವರ್ಷ ಆಡದೆ ಕೂತರೆ ಆಟಗಾರ ತಾನೇ ಬಿಡುಗಡೆಯಾಗುತ್ತಾನೆಂದು ನಿಯಮ. ಮೂರು ರೂಪಾಯಿ ತೆಗೆದುಕೊಂಡವನು ವೃತ್ತಿಪರನಾದ. ಹನ್ನೊಂದು ಜೊತೆ ಬೂಟಿಗೆ ಅವನನ್ನು ಮಾರಲು ನೋಡಿದವರು ಕೊನೆಯವರೆಗೂ ಹವ್ಯಾಸಿಗಳಾಗಿಯೇ ಉಳಿದರು.

ಆ ಎರಡು ವರ್ಷ ದಿನಾ ಬೆಳಿಗ್ಗೆ ಇನ್ನಾಸಪ್ಪ ಮೈದಾನದ ಹಿಂದಿನ ಗೋಡೆಗೆ ಚೆಂಡು ಹೊಡೆಯುತ್ತಿದ್ದ. ಎಡಗಾಲಲ್ಲಿ. ನಾನು ಸೈಕಲ್ಲಿನಲ್ಲಿ ಆಫೀಸಿಗೆ ಬರುವಾಗ ಆ ಶಬ್ದ ದೂರದಿಂದಲೇ ಕೇಳುತ್ತಿತ್ತು. ಮೊದಮೊದಲು ಚೆಂಡು ಎಲ್ಲೆಲ್ಲೋ ಹೋಗುತ್ತಿತ್ತು, ಅವನು ಓಡಿ ಓಡಿ ತರುತ್ತಿದ್ದ. ಗೋಡೆಯ ಮೇಲೆ ಸುಣ್ಣದಲ್ಲಿ ಒಂದು ಚೌಕ ಬರೆದುಕೊಂಡಿದ್ದ. ಒಂದು ವರ್ಷದಲ್ಲಿ ಹತ್ತಕ್ಕೆ ಏಳು ಆ ಚೌಕಕ್ಕೆ ಬೀಳತೊಡಗಿತು. "ನೋಡಿ ಗೌಡ್ರೇ, ಬತ್ತಾ ಐತೆ!" ಎಂದು ಕೂಗಿ ತೋರಿಸುತ್ತಿದ್ದ. ನಾನು ಚಾಮರಾಜಪುರಂ ಸುತ್ತಿಕೊಂಡು ಬರುವ ದಾರಿ ಹಿಡಿದೆ.

ಎರಡು ವರ್ಷ ಕಳೆದ ಮೇಲೆ ಒಂದು ಮಿಲ್ಲಿನ ಟೀಮಿಗೆ ಸೇರಿದ. ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿದರು. ಯಾವ ಕಾಲಲ್ಲಿ ಹೊಡೆಯುತ್ತಾನೆಂದು ಗೋಲ್‌ಕೀಪರಿಗೆ ತಿಳಿಯುತ್ತಿರಲಿಲ್ಲ. ಕೊಲಂಬೊಗೆ ಮತ್ತೆ ಒಂದು ಕಾಗದ ಬರೆಯಿರಿ ಎಂದು ನನ್ನ ಹತ್ತಿರ ಬಂದ. ಈ ಸಲ ನಿಜವಾಗಿಯೂ ಬರೆದೆ, ಅದೇ ದಿನ ಡಬ್ಬಿಗೆ ಹಾಕಿದೆ. ಉತ್ತರ ಬರುವ ಮೊದಲೇ ಒಂದು ಪಂದ್ಯದಲ್ಲಿ ಅವನ ಎಡ ಮೊಣಕಾಲು ತಿರುಚಿಕೊಂಡಿತು. ಅತಿಯಾಗಿ ದಣಿಸಿದ ಕಾಲು, ಮೊದಲೇ ಸವೆದಿದೆ ಎಂದರು ಆಸ್ಪತ್ರೆಯ ಡಾಕ್ಟರು. ಅವನು ಮತ್ತೆ ಆಡಲಿಲ್ಲ. ಕೊಲಂಬೊದವರು ಕ್ಲಬ್ಬಿಗೆ ಹೊಸ ಆಟಗಾರರು ಸಿಕ್ಕಿದ್ದಾರೆಂದು ಬರೆದಿದ್ದರು. ಅದನ್ನು ಅವನಿಗೆ ತೋರಿಸುವ ಅಗತ್ಯವೂ ಬೀಳಲಿಲ್ಲ.

ನಿವೃತ್ತನಾದ ಮೇಲೆ ಒಂದು ಭಾನುವಾರ ಮನಸ್ಸು ಗಟ್ಟಿ ಮಾಡಿಕೊಂಡು ಅವನ ಮನೆಗೆ ಹೋದೆ. ಈಗ ಉದಯಗಿರಿಯ ಕಡೆ ಇದ್ದಾನೆ. ಮರಿಯಮ್ಮ ತೀರಿಕೊಂಡಿದ್ದಾಳೆ. ಇವನಿಗೆ ಇನ್ನೂ ಅದೇ ಕಾರ್ಖಾನೆ, ಅದೇ ಡಬ್ಬಿ ಕಟ್ಟುವ ಕೆಲಸ. ಪೂಜೆ ಮುಗಿಸಿ ಚರ್ಚಿನಿಂದ ಆಗ ತಾನೇ ಬಂದಿದ್ದರು, ಅವನು, ಅವನ ಹೆಂಡತಿ, ಊರಿಂದ ಬಂದಿದ್ದ ಹೆಂಡತಿಯ ತಮ್ಮ. ನನ್ನನ್ನು ಕಂಡು ಕುಂಟುತ್ತಾ ಎದ್ದು ಬಂದು ಕೈ ಹಿಡಿದುಕೊಂಡ. ಒಳ್ಳೆಯ ಕುರ್ಚಿಗೆ ಕೂರಿಸಿದ.

"ಇನ್ನಾಸಪ್ಪ, ನಿನಗೊಂದು ಮಾತು ಹೇಳ್ಬೇಕು ಅಂತ ಬಂದೆ" ಎಂದೆ.

"ಹೇಳೋರಂತೆ ಇರಿ ಗೌಡ್ರೇ, ಮೊದ್ಲು ಕಾಫಿ ಕುಡೀರಿ" ಎಂದು ಭಾವಮೈದುನನ ಕಡೆ ತಿರುಗಿದ. "ಇವ್ರು ಯಾರು ಗೊತ್ತೇನೋ? ನನ್ ಆಟ ಇದ್ದಾಗ ಊರೆಲ್ಲ ನನ್ನ ಹೊಗಳೋರು. ನಿನ್ನಂಗೆ ಇಲ್ಲ, ನಿನ್ನಂಗೆ ಇಲ್ಲ ಅಂತ ತಲೆ ತಿರುಗ್ಸಿಬುಟ್ಟಿದ್ರು. ಎಡಗಾಲು ಸಾಲದು ಕಣೋ ಅಂತ ನನ್ ಮುಖದ ಮೇಲೆ ದಿಟ ಹೇಳಿದ್ದು ಇವ್ರೊಬ್ರೇ. ಅದಕ್ಕೇ ನಾನು ಕಲ್ತೆ. ದೇವ್ರು ಮೊಣಕಾಲು ಕಿತ್ಕಂಡ, ಅದು ಬ್ಯಾರೆ ಮಾತು. ಇಂಥೋರು ಒಬ್ರಿದ್ರೆ ಸಾಕು."

ಭಾವಮೈದುನ ನನಗೆ ಕೈ ಮುಗಿದ. ಇನ್ನಾಸಪ್ಪ ನನ್ನ ಕಡೆ ತಿರುಗಿ, "ಹೇಳಿ ಗೌಡ್ರೇ, ಏನೋ ಮಾತು ಅಂದ್ರಲ್ಲ" ಎಂದ.

"ಏನಿಲ್ಲ ಕಣೋ, ನಿನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದೆ.

ಕಾಫಿ ಕುಡಿದು ಎದ್ದೆ. ಅವನು ಬೇಡವೆಂದರೂ ಕೇಳದೆ, ಆ ಕಾಲೆಳೆದುಕೊಂಡು ಬಸ್‌ಸ್ಟಾಪಿನವರೆಗೂ ನನ್ನನ್ನು ಕಳಿಸಲು ಬಂದ.